ಅಮೂರ್ತ ಪ್ರಿಂಟ್‌ಗಳಲ್ಲಿ ಗ್ರೀಕ್ ಪುರಾಣ ಹೇಗೆ ಬರುತ್ತದೆ?

ಇಡೀ ಕಥೆ ಬರುವುದು ಕಡಿಮೆ. ಅದರ ಒಂದು ಕ್ಷಣ ಬಂದರೆ ಜಾಸ್ತಿ. ಫ್ರೆಂಚ್ ಕಲಾವಿದ ಹೆನ್ರಿ ಮಟೀಸ್‌ನ ‘ಇಕಾರಸ್’ ಅನ್ನುವ ಪ್ರಿಂಟ್ ನೋಡಿ. ಮೇಣದಿಂದ ಅಂಟಿಸಿದ ರೆಕ್ಕೆ ಕಟ್ಟಿಕೊಂಡು ಸೂರ್ಯನ ಹತ್ತಿರಕ್ಕೆ ಹಾರಿ, ಮೇಣ ಕರಗಿ ಸಮುದ್ರಕ್ಕೆ ಬಿದ್ದ ಹುಡುಗ ಇವನು. ಪ್ರಿಂಟ್‌ನಲ್ಲಿ ಸಮುದ್ರವೂ ಇಲ್ಲ, ಮೇಣವೂ ಇಲ್ಲ. ನೀಲಿ ಹಿನ್ನೆಲೆ, ಮುಖವಿಲ್ಲದ ಕಪ್ಪು ಆಕೃತಿ, ಸುತ್ತ ಚೂಪುಚೂಪಾದ ಹಳದಿ ನಕ್ಷತ್ರಗಳು. ಎದೆಯಲ್ಲೊಂದು ಕೆಂಪು ಬೊಟ್ಟು. ಬೀಳುತ್ತಿದ್ದಾನಾ, ಕುಣಿಯುತ್ತಿದ್ದಾನಾ? ನನಗೆ ಎರಡೂ ಅನ್ನಿಸುತ್ತದೆ. ಹೆಸರು ಮುಚ್ಚಿದರೆ ಪುರಾಣ ಅಂತ ಗೊತ್ತೇ ಆಗುವುದಿಲ್ಲ, ಅಲ್ವಾ?

ಮೂಲದಲ್ಲಿ ಇದು ಬಣ್ಣ ಬಳಿದ ಕಾಗದವನ್ನು ಕತ್ತರಿಸಿ ಅಂಟಿಸಿದ ಚಿತ್ರ. ಆಮೇಲೆ ಸ್ಟೆನ್ಸಿಲ್ (ಆಕಾರ ಕತ್ತರಿಸಿ ತೆಗೆದ ಹಾಳೆ) ಇಟ್ಟು ಕೈಯಿಂದಲೇ ಬಣ್ಣ ಹಚ್ಚಿ ಪ್ರತಿಗಳನ್ನು ತೆಗೆದರು. 1947ರಲ್ಲಿ ಪ್ಯಾರಿಸ್‌ನಲ್ಲಿ ಬಂದ ಮಟೀಸ್‌ನ ‘ಜಾಝ್’ ಪುಸ್ತಕದಲ್ಲಿ ಇದೂ ಸೇರಿ ಇಂಥ 20 ಪ್ರಿಂಟ್‌ಗಳಿವೆ.