ಕೊಯ್ಯದಿದ್ದರೆ ತಾನೇ ಸೀಳುತ್ತದೆ: ಕಾಂಕ್ರೀಟ್ ರಸ್ತೆ ಪ್ರಶ್ನೋತ್ತರ

ಕಳೆದ ಬಾರಿ ಕಾಂಕ್ರೀಟ್ ರಸ್ತೆಯ ಬಗ್ಗೆ ಎರಡು ಮಾತು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಇಪ್ಪತ್ತೆಂಟು ವರ್ಷ ರಸ್ತೆಯಿಂದ ಕೋರ್, ಅಂದರೆ ದುಂಡಗೆ ಕೊರೆದ ಕಾಂಕ್ರೀಟ್ ತುಂಡು, ತೆಗೆದು ಲ್ಯಾಬಿನಲ್ಲಿ ಪರೀಕ್ಷೆ ಮಾಡಿದವಳು ನಾನು. ನನಗೆ ಇದಕ್ಕಿಂತ ಖುಷಿಯ ವಿಷಯ ಇನ್ನೊಂದಿಲ್ಲ. ಐದು ಪ್ರಶ್ನೆಗಳನ್ನು ಇಲ್ಲಿ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಹೊಸದಾಗಿ ಹಾಕಿದ ಕಾಂಕ್ರೀಟ್ ರಸ್ತೆಯನ್ನು ಅದೇ ರಾತ್ರಿ ಗರಗಸ ಹಿಡಿದು ಅಡ್ಡಡ್ಡ ಕೊಯ್ಯುವುದನ್ನು ನೋಡಿದೆ. ಚೆನ್ನಾಗಿರೋ ರಸ್ತೆಗೆ ಯಾಕೆ ಗಾಯ ಮಾಡಬೇಕು?

ಕೊಯ್ಯದಿದ್ದರೆ ಅದು ತಾನೇ ಸೀಳುತ್ತದೆ, ಅದಕ್ಕೆ.

ಸಿಮೆಂಟಿಗೆ ನೀರು ಸೇರಿದಾಗ ಬಿಸಿ ಹುಟ್ಟುತ್ತದೆ. ರಾತ್ರಿ ಆ ಬಿಸಿ ಇಳಿಯುತ್ತದೆ, ಚಪ್ಪಡಿ ಕುಗ್ಗುತ್ತದೆ. ಒಳಗಿನ ನೀರು ಆರಿದ ಹಾಗೆ ಇನ್ನಷ್ಟು ಕುಗ್ಗುತ್ತದೆ. ಆದರೆ ಕೆಳಗಿನ ಪದರ ಅದನ್ನು ಹಿಡಿದುಕೊಂಡಿರುತ್ತದೆ, ಬಿಡುವುದಿಲ್ಲ. ಕಾಂಕ್ರೀಟಿಗೆ ಒತ್ತಡ ತಡೆಯುವ ಶಕ್ತಿ ಜಾಸ್ತಿ. ಎಳೆತ ತಡೆಯುವ ಶಕ್ತಿ ಅದರ ಹತ್ತರಲ್ಲೊಂದು ಪಾಲು, ಅಷ್ಟೇ. ಹುಟ್ಟಿದ ಮೊದಲ ರಾತ್ರಿ ಅದೂ ಇರುವುದಿಲ್ಲ.

ಹಾಗಾಗಿ ಸುಮಾರು ನಾಲ್ಕೂವರೆ ಐದು ಮೀಟರಿಗೊಂದು ಗೆರೆ ಕೊಯ್ಯುತ್ತಾರೆ, ಅದೇ ಜಾಯಿಂಟ್. ಆಳ ಚಪ್ಪಡಿ ದಪ್ಪದ ಕಾಲು ಭಾಗದಿಂದ ಮೂರರಲ್ಲೊಂದು ಭಾಗ. 300 ಮಿ.ಮೀ. ದಪ್ಪದ ಚಪ್ಪಡಿಗೆ 75ರಿಂದ 100 ಮಿ.ಮೀ. ಉಳಿದ ದಪ್ಪ ಆ ಗೆರೆಯ ಕೆಳಗೆ ತಾನಾಗಿ ಬಿರಿಯುತ್ತದೆ. ನಾವು ಬಿರುಕನ್ನು ತಡೆಯುತ್ತಿಲ್ಲ, ಎಲ್ಲಿ ಬಿರಿಯಬೇಕು ಅಂತ ಜಾಗ ತೋರಿಸುತ್ತಿದ್ದೇವೆ.

ಕಷ್ಟ ಇರುವುದು ಹೊತ್ತು ನೋಡುವುದರಲ್ಲಿ. ಬೇಗ ಕೊಯ್ದರೆ ಅಂಚಿನ ಜಲ್ಲಿ ಕಿತ್ತು ಬರುತ್ತದೆ. ತಡವಾದರೆ ಬಿರುಕು ಮೊದಲೇ ಬಂದಿರುತ್ತದೆ. ಹವೆಯನ್ನು ನೋಡಿಕೊಂಡು, ಕಾಂಕ್ರೀಟ್ ಹಾಕಿ ನಾಲ್ಕರಿಂದ ಹನ್ನೆರಡು ಗಂಟೆ ಕಳೆಯುವುದರ ನಡುವೆ ಎಲ್ಲೋ ಆ ಹೊತ್ತು ಸಿಗುತ್ತದೆ.

ಒಂದು ರಾತ್ರಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಸೈಟಿನಲ್ಲಿ ಇದ್ದದ್ದು ಒಂದೇ ಗರಗಸ, ಅದು ಒಂದು ಗಂಟೆಗೆ ಕೆಟ್ಟು ನಿಂತಿತು. ಬದಲಿ ಬರುವಷ್ಟರಲ್ಲಿ ಬೆಳಕು ಹರಿದಿತ್ತು. ಕ್ಯೂರಿಂಗಿಗೆ, ಅಂದರೆ ಕಾಂಕ್ರೀಟ್ ಬೇಗ ಒಣಗದಿರಲಿ ಅಂತ, ಹಾಕಿದ್ದ ಒದ್ದೆ ಗೋಣಿ ಸರಿಸಿ ನೋಡಿದೆವು. ಏನೂ ಕಾಣಲಿಲ್ಲ. ಮೇಲ್ಮೈ ನಿಧಾನವಾಗಿ ಒಣಗುತ್ತಾ ಬೂದು ಬಣ್ಣಕ್ಕೆ ತಿರುಗಿತು. ಒಂದು ಕಪ್ಪು ಗೆರೆ ಮಾತ್ರ ಒಣಗದೆ ಹಾಗೇ ಉಳಿಯಿತು. ಬಿರುಕಿನೊಳಗೆ ನೀರಿತ್ತಲ್ಲ, ಅದಕ್ಕೆ. ಸುಣ್ಣದಲ್ಲಿ ಗುರುತು ಮಾಡಿದ್ದ ಜಾಗದಿಂದ ಎರಡು ಮೀಟರ್ ಆಚೆಗೆ, ಹಾವು ಹರಿದ ಹಾಗೆ ಹೋಗಿತ್ತು. ಕೂದಲೆಳೆಯಷ್ಟು ಸಣ್ಣದು. ಆದರೂ ಆ ಚಪ್ಪಡಿ ಒಡೆದು ತೆಗೆಯಬೇಕಾಯಿತು. ಅಂಥ ಬಿರುಕಿನ ಕೆಳಗೆ ಡೋವೆಲ್ ಸರಳು ಇರುವುದಿಲ್ಲ.

ಪ್ರಶ್ನೆ: ಡೋವೆಲ್ ಸರಳು ಅಂದರೆ ಏನು? ಇನ್ನೊಂದು ವಿಷಯ. ನಾನು ಲಾರಿ ಓಡಿಸುತ್ತೇನೆ. ಹಳೇ ಕಾಂಕ್ರೀಟ್ ರಸ್ತೆಯಲ್ಲಿ ಪ್ರತಿ ಜಾಯಿಂಟಿಗೂ ‘ಟಪ್’ ಅಂತ ಹೊಡೆಯುತ್ತದೆ. ಹೊಸದರಲ್ಲಿ ಹೀಗಿರಲಿಲ್ಲ.

ನೀವು ಕೇಳಿದ ಎರಡೂ ಒಂದೇ ವಿಷಯ.

ಡೋವೆಲ್ ಅಂದರೆ ನುಣುಪಾದ ದುಂಡು ಉಕ್ಕಿನ ಸರಳು. ಸಾಮಾನ್ಯವಾಗಿ 32ರಿಂದ 38 ಮಿ.ಮೀ. ದಪ್ಪ. ಜಾಯಿಂಟಿನ ಉದ್ದಕ್ಕೂ 300 ಮಿ.ಮೀ.ಗೊಂದು ಇರುತ್ತದೆ, ಅರ್ಧ ಈ ಚಪ್ಪಡಿಯಲ್ಲಿ, ಅರ್ಧ ಆ ಚಪ್ಪಡಿಯಲ್ಲಿ. ಚಕ್ರದ ಭಾರವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವುದು ಅದರ ಕೆಲಸ. ಚಪ್ಪಡಿ ಹಿಗ್ಗಿ ಕುಗ್ಗುವಾಗ ಅದರ ಮೇಲೆ ಜಾರಬೇಕು, ಅದಕ್ಕೇ ನುಣುಪು. ಪಕ್ಕದ ಲೇನನ್ನು ಹಿಡಿದಿಡುವ ಟೈ ಬಾರ್ ಬೇರೆ. ಅದಕ್ಕೆ ಏಣುಗಳಿರುತ್ತವೆ, ಜಾರಬಾರದು ಅಂತ.

ಇನ್ನು ‘ಟಪ್’. ಜಾಯಿಂಟಿನ ಸೀಲ್ ಹೋದರೆ ಮಳೆನೀರು ಚಪ್ಪಡಿಯ ಕೆಳಗೆ ಸೇರುತ್ತದೆ. ನಿಮ್ಮ ಚಕ್ರ ಜಾಯಿಂಟಿನ ಹತ್ತಿರ ಬರುವಾಗ ಈಚೆ ಚಪ್ಪಡಿ ಮೆಲ್ಲಗೆ ಬಗ್ಗುತ್ತದೆ, ಕೆಳಗಿನ ನೀರು ಆಚೆಗೆ ಸರಿಯುತ್ತದೆ. ಚಕ್ರ ದಾಟಿದ ತಕ್ಷಣ ಆಚೆ ಚಪ್ಪಡಿ ದಡಕ್ಕನೆ ಕೆಳಗಿಳಿಯುತ್ತದೆ. ಅದರ ಕೆಳಗಿದ್ದ ನೀರು ಚಿಮ್ಮಿ ವಾಪಸ್ ಬರುತ್ತದೆ, ಬರುವಾಗ ನುಣ್ಣನೆ ಮಣ್ಣನ್ನೂ ಹೊತ್ತು ತರುತ್ತದೆ. ಒಂದಿಷ್ಟು ಮಣ್ಣು ಮೇಲೆ ಬರುತ್ತದೆ, ಒಂದಿಷ್ಟು ಈಚೆ ಚಪ್ಪಡಿಯ ಕೆಳಗೆ ಕೂರುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಈಚೆಯದು ಏರುತ್ತದೆ, ಆಚೆಯದರ ಕೆಳಗೆ ಪೊಳ್ಳು. ನೀವು ಪ್ರತಿ ಸಲ ಒಂದು ಸಣ್ಣ ಮೆಟ್ಟಿಲು ಇಳಿಯುತ್ತಿದ್ದೀರಿ. ಮಳೆ ನಿಂತ ಮೇಲೆ ಜಾಯಿಂಟಿನ ಅಕ್ಕಪಕ್ಕ ಕೆಸರಿನ ಕಲೆ ಕಂಡರೆ ಒಳಗೆ ಇದೇ ನಡೆಯುತ್ತಿದೆ ಅಂತ ತಿಳಿಯಿರಿ. ನೀರು, ಕೊಚ್ಚಿಹೋಗುವ ಮಣ್ಣು, ಭಾರದ ಗಾಡಿ, ಈ ಮೂರರಲ್ಲಿ ಒಂದನ್ನು ತಪ್ಪಿಸಿದರೂ ಇದು ನಿಲ್ಲುತ್ತದೆ. ಗಾಡಿ ತಪ್ಪಿಸಲು ಆಗುವುದಿಲ್ಲ. ಅದಕ್ಕೇ ಚಪ್ಪಡಿಯ ಕೆಳಗೆ ಲೀನ್ ಕಾಂಕ್ರೀಟಿನಂಥ (ಸಿಮೆಂಟ್ ಕಡಿಮೆ ಇರುವ ಕಾಂಕ್ರೀಟ್), ಕೊಚ್ಚಿಹೋಗದ ಪದರ ಹಾಕುತ್ತಾರೆ.

ಪ್ರಶ್ನೆ: ಇಷ್ಟೆಲ್ಲಾ ತಲೆನೋವು ಯಾಕೆ? ದಪ್ಪ ಜಾಸ್ತಿ ಮಾಡಿದರೆ ಸಾಕಲ್ವಾ?

ದಪ್ಪ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಅದೊಂದೇ ಸಾಲದು.

1926ರಲ್ಲೇ ವೆಸ್ಟರ್‌ಗಾರ್ಡ್ ಎಂಬ ಪ್ರೊಫೆಸರು ಚಕ್ರ ಚಪ್ಪಡಿಯ ನಡುವೆ, ಅಂಚಿನಲ್ಲಿ, ಮೂಲೆಯಲ್ಲಿ ನಿಂತರೆ ಏನಾಗುತ್ತದೆ ಅಂತ ಬೇರೆ ಬೇರೆ ಲೆಕ್ಕ ಹಾಕಿದರು. ಅದೇ ಭಾರ, ಅದೇ ದಪ್ಪ. ಆದರೂ ನಡುವಿಗಿಂತ ಅಂಚಿಗೆ ಪೆಟ್ಟು ಜಾಸ್ತಿ. ಆಮೇಲೆ ಅಮೆರಿಕದ ಇಲಿನಾಯ್ಸ್ ರಾಜ್ಯದ ಒಟ್ಟಾವಾ ಬಳಿ 1958ರಿಂದ 1960ರವರೆಗೆ ಬೇರೆ ಬೇರೆ ದಪ್ಪದ ರಸ್ತೆ ಹಾಕಿ, ಸೈನಿಕರ ಕೈಯಲ್ಲಿ ಲಾರಿ ಓಡಿಸಿ ನೋಡಿದರು. ಹತ್ತು ಲಕ್ಷಕ್ಕೂ ಜಾಸ್ತಿ ಆಕ್ಸಲ್‌ಗಳು (ಎರಡು ಬದಿಯ ಚಕ್ರ ಕೂಡಿಸುವ ಅಚ್ಚು) ದಾಟಿದವು. ಅದರಿಂದ ಸಿಕ್ಕ ಅಂದಾಜನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಆಕ್ಸಲ್ ಭಾರ ಎರಡರಷ್ಟಾದರೆ ಹಾನಿ ಎರಡರಷ್ಟಲ್ಲ, ಸುಮಾರು ಹದಿನಾರರಷ್ಟು. ನೂರಕ್ಕೆ ಹತ್ತು ಜಾಸ್ತಿ ಹೇರಿದರೂ ಹಾನಿ ನೂರಕ್ಕೆ ನಲವತ್ತೈದರಷ್ಟು ಏರುತ್ತದೆ.

ಇದರ ಮೇಲೆ ಬಿಸಿಲು. ಹಗಲು ಚಪ್ಪಡಿಯ ಮೈ ಕಾಯುತ್ತದೆ, ಹೊಟ್ಟೆ ತಣ್ಣಗಿರುತ್ತದೆ. ನಡು ಉಬ್ಬುತ್ತದೆ. ರಾತ್ರಿ ತಿರುಗುಮುರುಗು: ಮೇಲೆ ತಣ್ಣಗಾಗಿ ಮೂಲೆಗಳು ಒಣ ಎಲೆಯ ಹಾಗೆ ಮೇಲೇಳುತ್ತವೆ. ಆ ಹೊತ್ತಿಗೆ ಭಾರದ ಲಾರಿ ಬಂತೆನ್ನಿ. ಕೆಳಗೆ ಆಸರೆಯಿಲ್ಲದ ಮೂಲೆಯನ್ನು ಅದು ಅದುಮುತ್ತದೆ, ಬಿರುಕು ಮೇಲಿನಿಂದ ಶುರುವಾಗುತ್ತದೆ. ದಪ್ಪ ಜಾಸ್ತಿ ಮಾಡಿದಷ್ಟೂ ಮೇಲೆ ಕೆಳಗಿನ ಬಿಸಿಯ ಅಂತರವೂ ಜಾಸ್ತಿ. ಜಾಯಿಂಟ್ ದೂರ ಇಟ್ಟು ಸುಮ್ನೆ ದಪ್ಪ ಮಾಡಿದರೆ ದುಡ್ಡು ಹೋಯಿತು ಅಷ್ಟೇ. ಚಪ್ಪಡಿ ಚಿಕ್ಕದಿರಲಿ, ಅಂಚಿಗೆ ಟೈ ಬಾರ್ ಹಾಕಿದ ಕಾಂಕ್ರೀಟ್ ಭುಜ, ಅಂದರೆ ರಸ್ತೆಯ ಪಕ್ಕದ ಪಟ್ಟಿ, ಇರಲಿ. ಆಮೇಲೆ ದಪ್ಪದ ಮಾತು.

ಪ್ರಶ್ನೆ: ಮಿಶ್ರಣ ಗಟ್ಟಿಯಾಗಿದೆ ಅಂತ ಮೇಲೆ ಒಂದು ಬಕೆಟ್ ನೀರು ಹಾಕಿದರೆ ತಪ್ಪಾ?

ತಪ್ಪು. ಸಿಮೆಂಟಿಗೆ ಬೇಕಾಗದೆ ಉಳಿದ ನೀರು ಆರಿಹೋಗಿ ಸಣ್ಣ ಸಣ್ಣ ತೂತು ಬಿಟ್ಟುಹೋಗುತ್ತದೆ. ಶಕ್ತಿ ಇಳಿಯುತ್ತದೆ, ಮೇಲ್ಪದರ ಧೂಳಾಗಿ ಏಳುತ್ತದೆ. ಅಂಥ ಕೋರಿನ ತಲೆಯನ್ನು ನಾನು ಉಗುರಿನಿಂದ ಕೆರೆದು ಪುಡಿ ಮಾಡಿದ್ದೇನೆ.

ಪ್ರಶ್ನೆ: ಸಿವಿಲ್ ಡಿಪ್ಲೊಮಾ ಮುಗಿಸಿದ್ದೇನೆ. ಮುಂದಿನ ವಾರ ಕಾಂಕ್ರೀಟ್ ರಸ್ತೆಯ ಸೈಟಿಗೆ ಹೋಗುತ್ತಿದ್ದೇನೆ. ಮೊದಲು ಏನು ನೋಡಲಿ?

ಒಳ್ಳೆಯ ಕೆಲಸಕ್ಕೆ ಹೋಗುತ್ತಿದ್ದೀಯಮ್ಮ. ಕಾಂಕ್ರೀಟ್ ಬರುವ ಮೊದಲೇ ಡೋವೆಲ್ ಕೂರಿಸಿದ ಚೌಕಟ್ಟಿನ ಪಕ್ಕ ಮಂಡಿಯೂರಿ ಕೂತು ನೋಡು. ಸರಳುಗಳು ರಸ್ತೆಗೆ ಸಮಾನಾಂತರವಾಗಿ, ಒಂದಕ್ಕೊಂದು ಸಮಾನಾಂತರವಾಗಿ ಇರಬೇಕು. ವಾರೆಯಾದ ಸರಳು ಜಾರುವುದಿಲ್ಲ. ಜಾಯಿಂಟ್ ಬೀಗ ಹಾಕಿದ ಹಾಗಾಗಿ, ಚಪ್ಪಡಿ ಪಕ್ಕದಲ್ಲಿ ಒಡೆಯುತ್ತದೆ. ಚೌಕಟ್ಟನ್ನು ಕೈಯಲ್ಲಿ ಅಲ್ಲಾಡಿಸು. ಅಲ್ಲಾಡಿದರೆ ಕಾಂಕ್ರೀಟ್ ಬೀಳುವಾಗ ಖಂಡಿತ ಸರಿಯುತ್ತದೆ. ಜಾಯಿಂಟ್ ನಡುವಿನ ಗುರುತು ಎರಡೂ ಬದಿಗೆ ಹಾಕಿದ್ದಾರಾ ನೋಡಿಕೋ, ಇಲ್ಲದಿದ್ದರೆ ರಾತ್ರಿ ಕೊಯ್ಯುವವನಿಗೆ ಸರಳು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ.

ಆಮೇಲೆ ಗಾಳಿ. ಬಿಸಿಲಿಗಿಂತ ಒಣ ಗಾಳಿಗೆ ನಾನು ಜಾಸ್ತಿ ಹೆದರುತ್ತಿದ್ದೆ. ಒಂದು ಚದರ ಮೀಟರಿನಿಂದ ಗಂಟೆಗೆ ಒಂದು ಕೆ.ಜಿ.ಯಷ್ಟು ನೀರು ಆರುವ ಹವೆಯಿದ್ದರೆ ಹಸಿ ಕಾಂಕ್ರೀಟಿನ ಮೇಲೆ ಬಿರುಕು ಬರಬಹುದು. ಕ್ಯೂರಿಂಗ್ ದ್ರಾವಣ ಸಿಂಪಡಿಸುವವರು ಕಾಂಕ್ರೀಟ್ ಹಾಸುವ ಯಂತ್ರದ (ಪೇವರ್) ಹಿಂದೆಯೇ ಬರಬೇಕು, ಊಟ ಮುಗಿಸಿ ಬರುತ್ತೇವೆ ಅಂದರೆ ಬಿಡಬೇಡ.

ಮತ್ತೆ ಸಂಜೆಯಾಗುವ ಮೊದಲು ಹೋಗಿ ಗರಗಸ ಎಷ್ಟಿವೆ ಅಂತ ಕೇಳು. ಎರಡು ಅಂದರೆ ಎರಡನ್ನೂ ಚಾಲೂ ಮಾಡಿಸಿ ನೋಡು.