5.1 ಸ್ಪೀಕರ್ ಕಂಪ್ಯೂಟರ್‌ಗೆ ಹಾಕಿದರೂ ಮುಂದಿನ ಎರಡರಲ್ಲಿ ಮಾತ್ರ ಸದ್ದು ಬರುತ್ತಿದೆ, ಯಾಕೆ?

ಹಸಿರು ಪಿನ್ ಒಂದನ್ನೇ ಚುಚ್ಚಿದರೆ ಹೀಗಾಗುತ್ತದೆ. ಅದರಲ್ಲಿ ಹೋಗುವುದು ಮುಂದಿನ ಎಡ-ಬಲದ ಸದ್ದಷ್ಟೇ. 3.5 ಮಿ.ಮೀ. ಪಿನ್ ಮೂರೂ ಬೇಕು: ಕಪ್ಪು ಹಿಂದಿನ ಜೋಡಿಗೆ, ಕಿತ್ತಳೆ ಸೆಂಟರ್ (ನಡುವಿನ ಸ್ಪೀಕರ್) ಮತ್ತು ಸಬ್‌ವೂಫರ್‌ಗೆ (ಗಡಸು ಬೇಸ್ ಸದ್ದಿನ ಪೆಟ್ಟಿಗೆ). ಮದರ್‌ಬೋರ್ಡಿನಲ್ಲಿ ಹಸಿರು, ನೀಲಿ, ಗುಲಾಬಿ ಎಂದು ಮೂರೇ ಜ್ಯಾಕ್ ಇದ್ದರೆ ಗಾಬರಿ ಬೇಡ. ಸಾಮಾನ್ಯವಾಗಿ ನೀಲಿ ಹಿಂದಿನ ಜೋಡಿಗೆ, ಗುಲಾಬಿ ಸೆಂಟರ್-ಸಬ್‌ಗೆ ಬಳಕೆಯಾಗುತ್ತದೆ. ಆದರೆ ಬೋರ್ಡಿನ ಆಡಿಯೋ ಡ್ರೈವರ್ (ಸದ್ದನ್ನು ನಿಭಾಯಿಸುವ ತಂತ್ರಾಂಶ) ಹಾಕಿ, ಅದರಲ್ಲಿ ಹಾಗೆ ಆರಿಸಲೇಬೇಕು. ಇಲ್ಲವಾದರೆ ಗುಲಾಬಿ ಮೈಕ್ ಆಗಿಯೇ ಉಳಿಯುತ್ತದೆ.

ಆಮೇಲೆ ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸೌಂಡ್ ತೆರೆದು, ಪ್ಲೇಬ್ಯಾಕ್‌ನಲ್ಲಿ ಸ್ಪೀಕರ್ಸ್ ಆರಿಸಿ, ಕಾನ್ಫಿಗರ್ ಒತ್ತಿ, 5.1 ಇಟ್ಟು ಟೆಸ್ಟ್ ಮಾಡಿ. ಸೆಂಟರಿನ ಸರದಿಯಲ್ಲಿ ಸಬ್‌ವೂಫರ್ ಗುಂಯ್‌ಗುಟ್ಟಿದರೆ ಅವೆರಡು ಅದಲುಬದಲಾಗಿವೆ; ಡ್ರೈವರ್‌ನಲ್ಲಿ ಸ್ವ್ಯಾಪ್ ಆಯ್ಕೆ ಇದ್ದರೆ ಟಿಕ್ ಮಾಡಿ.

ಟೆಸ್ಟ್‌ನಲ್ಲಿ ಆರೂ ಸದ್ದು ಮಾಡಿ, ಹಾಡಿನಲ್ಲಿ ಮಾತ್ರ ಹಿಂದಿನವು ಸುಮ್ಮನಿದ್ದರೆ ಜೋಡಣೆ ಸರಿಯಿದೆ: ಆ ಹಾಡು ಇರುವುದೇ ಸ್ಟೀರಿಯೋದಲ್ಲಿ, ಅಂದರೆ ಎಡ-ಬಲ ಎರಡೇ ಸದ್ದಿನಲ್ಲಿ.