ಗ್ಲಾಸ್ ಬಾಗಿಲು ಹಾಕಿಸಿದ ಮೇಲೆ ಗಿರಾಕಿ ಹೊಸ್ತಿಲಲ್ಲೇ ನಿಲ್ಲುವುದೇಕೆ?

ಪ್ರಶ್ನೆ: ತಿಪಟೂರಿನಲ್ಲಿ ನಮ್ಮದೊಂದು ದಿನಸಿ ಅಂಗಡಿ ಇದೆ. ಅಪ್ಪನ ಕಾಲದಲ್ಲಿ ಗಿರಾಕಿಗಳು ಚೀಟಿ ಕೊಟ್ಟರೆ ನಾವೇ ತೂಗಿ ಕಟ್ಟಿಕೊಡುತ್ತಿದ್ದೆವು. ಆರು ತಿಂಗಳ ಹಿಂದೆ ಹಳೆ ಕೌಂಟರ್ ತೆಗೆಸಿ, ಸ್ಟೀಲ್ ರ‍್ಯಾಕ್, ಬಿಳಿ ಟೈಲ್ಸ್, ಗ್ಲಾಸ್ ಬಾಗಿಲು ಹಾಕಿಸಿದೆ. ಆದರೆ ವಯಸ್ಸಾದವರು ಬಾಗಿಲಲ್ಲೇ ನಿಂತು "ಅರ್ಧ ಕೆಜಿ ಸಕ್ಕರೆ ಕೊಡಪ್ಪ" ಅನ್ನುತ್ತಾರೆ. ಒಳಗೆ ಬಂದವರೂ ಎರಡು ಸಾಮಾನು ಹಿಡಿದು ಹೊರಟುಬಿಡುತ್ತಾರೆ. ಫೋಟೋ ಕಳಿಸಿದ್ದೇನೆ. ತಪ್ಪು ಎಲ್ಲಾಗಿದೆ?

ಉತ್ತರ: ಫೋಟೋ ನೋಡಿದೆ. ಅಂಗಡಿ ಚೆನ್ನಾಗಿಯೇ ಇದೆ. ಆದರೆ ಕೌಂಟರಿನ ಜೊತೆ ಅದು ಮಾಡುತ್ತಿದ್ದ ಕೆಲಸವೂ ಹೋಯಿತು. ಯಾವುದು ಹಳೆ ಅಕ್ಕಿ, ಬೆಲೆ ಎಷ್ಟು, ಇನ್ನೂರು ಗ್ರಾಂ ಕಡಲೆಬೇಳೆ ಸಿಗುತ್ತಾ, ಎಲ್ಲ ಅಲ್ಲೇ ಕೇಳುತ್ತಿದ್ದರು. ಈಗ ಯಾರನ್ನು ಕೇಳಬೇಕು?

ಕ್ಲಾರೆನ್ಸ್ ಸಾಂಡರ್ಸ್ ಅಂತ ಒಬ್ಬರು 1916ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಪಿಗ್ಲಿ ವಿಗ್ಲಿ ಅನ್ನೋ ಅಂಗಡಿ ತೆರೆದರು. ಗಿರಾಕಿಯೇ ಸಾಮಾನು ಎತ್ತಿಕೊಳ್ಳುವ ಅಂಗಡಿ. ಮರುವರ್ಷ ಅದಕ್ಕೆ ಪೇಟೆಂಟೂ ಸಿಕ್ಕಿತು. ಬುಟ್ಟಿ ಹಿಡಿದು ಒಳಗೆ ಹೋದರೆ ಒಂದೇ ದಿಕ್ಕಿನ ದಾರಿ, ಪ್ರತಿ ಸಾಮಾನಿಗೂ ಬೆಲೆಚೀಟಿ. ಅಂಗಡಿಯ ಆಳು ಬಾಯಲ್ಲಿ ಹೇಳುತ್ತಿದ್ದ ಬೆಲೆಯನ್ನು ಚೀಟಿ ಹೇಳತೊಡಗಿತು. ನಿಮ್ಮ ಫೋಟೋಗಳಲ್ಲಿ ಒಂದೇ ಒಂದು ಬೆಲೆಚೀಟಿ ಕಾಣಲಿಲ್ಲ. ಪೊಟ್ಟಣದ ಮೇಲಿನ ಎಂಆರ್‌ಪಿ ಸಾಸಿವೆಕಾಳಿನಷ್ಟು. ಅದನ್ನು ಓದೋಕೆ ಅಜ್ಜಿ ಕನ್ನಡಕ ಹುಡುಕಬೇಕು. ರ‍್ಯಾಕಿನ ಅಂಚಿಗೆ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಬೆಲೆ ಬರೆದು ಅಂಟಿಸಿ.

ಇನ್ನು ಬಾಗಿಲು. ಬಿಸಿಲು ಹೊತ್ತಿನಲ್ಲಿ ಗ್ಲಾಸು ಕನ್ನಡಿಯ ಹಾಗೆ ಬೀದಿಯನ್ನೇ ತೋರಿಸುತ್ತದೆ. ಒಳಗೆ ನೀವಿದ್ದೀರೋ ಇಲ್ಲವೋ ಗೊತ್ತಾಗುವುದಿಲ್ಲ. ಜೊತೆಗೆ ಫಳಫಳ ಹೊಳೆಯುವ ಟೈಲ್ಸ್. ಅಂಥ ನೆಲ ಕಂಡರೆ "ಚಪ್ಪಲಿ ಬಿಟ್ಟು ಬರಬೇಕಾ?" ಅಂತ ಅನುಮಾನ ಬರುತ್ತೆ, ಅಲ್ವಾ? (ಎರಡನೇ ಫೋಟೋದಲ್ಲಿ ಮೆಟ್ಟಿಲ ಪಕ್ಕ ಎರಡು ಜೊತೆ ಚಪ್ಪಲಿ ಕಂಡವು. ನಿಮ್ಮ ಮನೆಯವರದ್ದಲ್ಲ ತಾನೇ?) ಎಸಿ ಇಲ್ಲದಿದ್ದರೆ ಹಗಲಲ್ಲಿ ಬಾಗಿಲು ತೆಗೆದೇ ಇಡಿ. ಒಳಗಡೆ ಉದ್ದಕ್ಕೂ ಒರಟು ಮ್ಯಾಟ್ ಹಾಸಿ, ಮಳೆಗಾಲದಲ್ಲಿ ಜಾರುವುದೂ ತಪ್ಪುತ್ತದೆ.

ಮೆಟ್ಟಿಲ ಬದಲು ಇಳಿಜಾರು ಮಾಡಿಸಿ ಅನ್ನುವುದು ಸುಲಭ. ಆದರೆ ಗಾಲಿಕುರ್ಚಿ ಹತ್ತಬೇಕಾದರೆ 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ನಿಮ್ಮ ಮುಂದೆ ಚರಂಡಿ ಇದೆ, ಜಾಗವಿಲ್ಲ. ಸದ್ಯಕ್ಕೆ ಹಿಡಿದು ಹತ್ತೋಕೆ ಒಂದು ಕಬ್ಬಿಣದ ಕಂಬಿ ಹಾಕಿಸಿ. ಮಂಡಿನೋವಿನವರಿಗೆ ಅದೇ ದೊಡ್ಡ ಉಪಕಾರ.

ರ‍್ಯಾಕುಗಳ ನಡುವೆ ಎರಡೂವರೆ ಅಡಿ ಬಿಟ್ಟ ಹಾಗಿದೆ. ಸುಮ್ನೆ ನಡೆದು ಹೋಗೋಕೆ ಸಾಕು, ಬಗ್ಗೋಕೆ ಸಾಲದು. ನೀವೋ ಹಿಟ್ಟು, ಅಕ್ಕಿ, ಸೋಪಿನ ಪುಡಿ ಎಲ್ಲ ಕೆಳಗಿನ ತಟ್ಟೆಯಲ್ಲಿಟ್ಟಿದ್ದೀರಿ. ಸೀರೆ ಉಟ್ಟವರು ಬಗ್ಗಿ ಬ್ರ್ಯಾಂಡ್ ನೋಡುವಾಗ ಹಿಂದಿನಿಂದ ಯಾರಾದರೂ ಸವರಿಕೊಂಡು ಹೋದರೆ ಮುಗಿಯಿತು, ಪೊಟ್ಟಣ ಅಲ್ಲೇ ಇಟ್ಟು ಎದ್ದುಬಿಡುತ್ತಾರೆ. ಒಂದು ಸಾಲು ರ‍್ಯಾಕ್ ತೆಗೆಸಿ, ದಾರಿ 4 ಅಡಿ ಆಗಲಿ. ಮಾಲು ಕಡಿಮೆ ಕಾಣುತ್ತೆ ಅಂತ ಚಿಂತೆ ಬೇಡ.

ಎರಡೇ ಸಾಮಾನಿಗೆ ವಾಪಸ್ ಹೋಗುವುದಕ್ಕೆ ಬುಟ್ಟಿಯೂ ಕಾರಣ. ಎಲ್ಲವನ್ನೂ ಬಾಗಿಲ ಪಕ್ಕ ಪೇರಿಸಿದ್ದೀರಿ. ಬಿಸಿಲಿನಿಂದ ಬಂದವರಿಗೆ ಮೊದಲ ನಾಲ್ಕು ಹೆಜ್ಜೆ ಏನೂ ಸರಿಯಾಗಿ ಕಾಣದು. ಬುಟ್ಟಿ ಬೇಕಾಗುವುದು ಎರಡೂ ಕೈ ತುಂಬಿದಾಗ, ಆಗ ಅದು ದೂರ. ಅರ್ಧ ಬುಟ್ಟಿಗಳನ್ನು ಒಳಗೆ, ಸೋಪಿನ ರ‍್ಯಾಕಿನ ಹತ್ತಿರ ಇಡಿ. 1937ರಲ್ಲಿ ಒಕ್ಲಹೋಮಾದ ಸಿಲ್ವನ್ ಗೋಲ್ಡ್‌ಮನ್ ಅಂಗಡಿಗೆ ತಳ್ಳುಗಾಡಿ ತಂದದ್ದೂ ಬುಟ್ಟಿ ಭಾರವಾದೊಡನೆ ಜನ ಕೊಳ್ಳುವುದನ್ನು ನಿಲ್ಲಿಸುತ್ತಾರೆ ಅಂತ ಕಂಡೇ.

ಹಾಲನ್ನು ಹಿಂದಿಟ್ಟರೆ ಜನ ಅಂಗಡಿಯೆಲ್ಲ ಸುತ್ತುತ್ತಾರೆ ಅನ್ನೋ ಲೆಕ್ಕ ದೊಡ್ಡ ಸೂಪರ್ ಮಾರ್ಕೆಟ್ಟಿಗಿರಲಿ. ಬೆಳಗ್ಗೆ ಆರಕ್ಕೆ ಒಂದು ಪ್ಯಾಕೆಟ್ಟಿಗೆ ಬಂದವರನ್ನು ಸುತ್ತಿಸಿದರೆ ನಾಳೆ ಪಕ್ಕದ ಅಂಗಡಿಗೆ ಹೋಗುತ್ತಾರೆ.

ಹಳೆ ಕೌಂಟರ್ ಇನ್ನೂ ಗೋಡೌನಿನಲ್ಲಿದ್ದರೆ ಬಡಗಿಯಿಂದ 4 ಅಡಿಗೆ ಕೊಯ್ಯಿಸಿ ಬಾಗಿಲ ಪಕ್ಕದಲ್ಲೇ ಹಾಕಿ. ಮೇಲೆ ತಕ್ಕಡಿ, ಪಕ್ಕದಲ್ಲಿ ಬಾಯಿ ತೆರೆದ ಚೀಲಗಳಲ್ಲಿ ಅಕ್ಕಿ, ಬೇಳೆ, ಸಕ್ಕರೆ. ಬಿಗ್ ಬಜಾರ್ ಕಟ್ಟಿದ ಕಿಶೋರ್ ಬಿಯಾನಿ ಕೂಡ ಕಾಳು ಮುಟ್ಟಿ ನೋಡಲಿ ಅಂತ ತೆರೆದೇ ಇಡಿಸುತ್ತಿದ್ದರು. ಎದುರಿಗೊಂದು ಸ್ಟೂಲ್ ಇರಲಿ. ಅರ್ಧ ಕೆಜಿ ಸಕ್ಕರೆಯವರು ಮೊದಲು ಅಲ್ಲಿ ಕೂತುಕೊಳ್ಳಲಿ.